ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ: ಒಂದೇ ಗ್ರಂಥದಲ್ಲಿ ಎರಡು ಮಾತು ಯಾಕೆ?

ಇತ್ತೀಚೆಗೆ ವಾಟ್ಸಾಪಿನಲ್ಲಿ ಒಂದು ಬಗೆಯ ಪೋಸ್ಟು ಜಾಸ್ತಿ ಓಡಾಡುತ್ತಿದೆ. ಎಡಗಡೆ ಬೈಬಲ್ಲಿನ ಒಂದು ಮಾತು, ಬಲಗಡೆ ಅದಕ್ಕೆ ಎದುರಾಗಿ ಕಾಣುವ ಇನ್ನೊಂದು ಮಾತು. ಎಡಕ್ಕೆ ‘ಕಣ್ಣಿಗೆ ಕಣ್ಣು’, ಬಲಕ್ಕೆ ‘ಇನ್ನೊಂದು ಕೆನ್ನೆಯನ್ನೂ ತೋರಿಸು’. ಎಡಕ್ಕೆ ಹಂದಿ ಮಾಂಸ ಮುಟ್ಟಬೇಡ, ಬಲಕ್ಕೆ ಎಲ್ಲ ಆಹಾರವೂ ಶುದ್ಧ. ಕೆಳಗೆ ಒಂದು ಪ್ರಶ್ನೆ: ಇದರಲ್ಲಿ ಯಾವುದು ಖರೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಈ ಪ್ರಶ್ನೆ ಮೊಬೈಲಿನಲ್ಲಷ್ಟೇ ಉಳಿಯುವುದಿಲ್ಲ. ಇಲ್ಲಿ ಕ್ರೈಸ್ತರು ಕಡಿಮೆ, ಆದರೆ ಹಳಬರು. ಲಂಡನ್ ಮಿಷನ್ನಿನವರು ಬೆಳಗಾವಿಗೆ ಬಂದದ್ದು 1820ರಲ್ಲಿ. ಬಾಸೆಲ್ ಮಿಷನ್ ಗುಳೇದಗುಡ್ಡದಲ್ಲಿ ಕೆಲಸ ಶುರು ಮಾಡಿದ್ದು 1851ರಲ್ಲಿ. ಬೆಳಗಾವಿ ಕ್ಯಾಥೋಲಿಕ್ ಧರ್ಮಪ್ರಾಂತ್ಯ ಆದದ್ದು 1953ರಲ್ಲಿ. ಅಕ್ಕಪಕ್ಕದ ಮನೆಗಳಲ್ಲಿ, ಕಾಲೇಜಿನಲ್ಲಿ, ಆಫೀಸಿನಲ್ಲಿ ಲಿಂಗಾಯತರಿದ್ದಾರೆ, ಮುಸ್ಲಿಮರಿದ್ದಾರೆ, ಜೈನರಿದ್ದಾರೆ. ಅವರು ಕೇಳುತ್ತಾರೆ. ಕೇಳುವುದು ಸಹಜವೇ. ಉತ್ತರ ಗೊತ್ತಿಲ್ಲದ ನಮ್ಮ ಕ್ರೈಸ್ತ ಹುಡುಗರು ಒಂದೋ ಸುಮ್ನಾಗುತ್ತಾರೆ, ಇಲ್ಲಾ ಸಿಟ್ಟಿಗೇಳುತ್ತಾರೆ. ಎರಡೂ ಬೇಕಿಲ್ಲ. ಈ ಪ್ರಶ್ನೆಗಳಲ್ಲಿ ಕೆಲವಕ್ಕೆ ಪೂರ್ತಿ ಓದಿದರೆ ಸಾಕು, ಉತ್ತರ ಅಲ್ಲೇ ಇದೆ. ಕೆಲವು ಕಡೆ ನಿಜವಾಗಿಯೂ ಬದಲಾವಣೆ ಆಗಿದೆ, ಅದನ್ನು ಗ್ರಂಥವೇ ಮುಚ್ಚಿಡದೆ ಹೇಳುತ್ತದೆ. ಇನ್ನು ಕೆಲವು ಇವತ್ತಿಗೂ ಬಗೆಹರಿದಿಲ್ಲ.

ಪುಸ್ತಕ ಬೇರೆ, ಒಡಂಬಡಿಕೆ ಬೇರೆ

ಮೊದಲ ಗೊಂದಲ ಹೆಸರಿನದು. ಬೈಬಲ್ಲಿನ ಮೊದಲ ಭಾಗವನ್ನು ‘ಹಳೆ ಒಡಂಬಡಿಕೆ’ ಅನ್ನುತ್ತೇವೆ. ಪ್ರೊಟೆಸ್ಟೆಂಟರ ಬೈಬಲ್ಲಿನಲ್ಲಿ ಇದು 39 ಪುಸ್ತಕಗಳ ಗಂಟು, ಕ್ಯಾಥೋಲಿಕರದ್ದರಲ್ಲಿ 46. ಎರಡನೆಯ ಭಾಗ ‘ಹೊಸ ಒಡಂಬಡಿಕೆ’, ಇಬ್ಬರಿಗೂ 27 ಪುಸ್ತಕ. ಆದರೆ ಇವು ಪುಸ್ತಕಗಳ ಗಂಟಿಗೆ ಆಮೇಲೆ ಇಟ್ಟ ಹೆಸರುಗಳು. ಒಡಂಬಡಿಕೆ ಅನ್ನುವುದು ದೇವರಿಗೂ ಮನುಷ್ಯರಿಗೂ ನಡುವೆ ಆದ ಪ್ರಮಾಣದ ಸಂಬಂಧ. ಅಂಥ ಒಡಂಬಡಿಕೆಗಳು ಮೊದಲ ಭಾಗದಲ್ಲೇ ಹಲವು ಇವೆ.

ಜಲಪ್ರಳಯದ ನಂತರ ನೋಹನ ಜೊತೆ ಒಂದು. ಅದು ಇಡೀ ಜೀವಕುಲದ ಜೊತೆ, ಗುರುತು ಕಾಮನಬಿಲ್ಲು. ಅಬ್ರಹಾಮನ ಜೊತೆ ಒಂದು, ಗುರುತು ಸುನ್ನತಿ. ರಾಜ ದಾವೀದನ ವಂಶಕ್ಕೆ ಸಿಂಹಾಸನ ಕೊಡುವ ಒಂದು ಮಾತು. ಇವುಗಳ ನಡುವೆ, ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಹೊರಬಂದ ಇಸ್ರಾಯೇಲ್ಯರ ಜೊತೆ ಸೀನಾಯಿ ಬೆಟ್ಟದಲ್ಲಿ ಆದದ್ದು. ಇಲ್ಲಿ ಮೋಶೆ ನಡುವೆ ನಿಂತ. ಹತ್ತು ಆಜ್ಞೆಗಳು, ಊಟದ ನಿಯಮ, ಬಲಿಯ ಕ್ರಮ, ನ್ಯಾಯದ ತೀರ್ಪು ಎಲ್ಲ ಇದರ ಭಾಗ. ಬೈಬಲ್ಲಿನ ಎರಡನೇ ಪುಸ್ತಕ ವಿಮೋಚನಕಾಂಡದ 24ನೇ ಅಧ್ಯಾಯದಲ್ಲಿ ಮೋಶೆ ಬಲಿಯ ರಕ್ತದ ಅರ್ಧವನ್ನು ಯಜ್ಞವೇದಿಗೆ, ಅರ್ಧವನ್ನು ಜನರ ಮೇಲೆ ಚಿಮುಕಿಸುತ್ತಾನೆ. ಸಂಬಂಧ ಗಟ್ಟಿಯಾಯಿತು ಅಂತ ಅದರ ಅರ್ಥ.

ಹೊಸ ಒಡಂಬಡಿಕೆಯ ಬರಹಗಾರರು ‘ಹಳೆಯದಾಯಿತು’ ಅನ್ನುವಾಗ ಹೆಚ್ಚಾಗಿ ಹೇಳುವುದು ಈ ಸೀನಾಯಿಯ ಒಡಂಬಡಿಕೆಯ ಬಗ್ಗೆ. ಮೊದಲ ಭಾಗದ ಹಾಡುಗಳಾದ ಕೀರ್ತನೆಗಳು ರದ್ದಾದವು, ಅಬ್ರಹಾಮನಿಗೆ ಕೊಟ್ಟ ಮಾತು ಮುಗಿಯಿತು ಅಂತ ಯಾರೂ ಹೇಳಿಲ್ಲ. ಹೊಸ ಒಡಂಬಡಿಕೆಯ ಹಲವು ಪತ್ರಗಳನ್ನು ಬರೆದ ಪೌಲನಂತೂ ಉಲ್ಟಾ ವಾದ ಮಾಡುತ್ತಾನೆ. ಅಬ್ರಹಾಮನಿಗೆ ಕೊಟ್ಟ ಮಾತು ಮೊದಲು, ಧರ್ಮಶಾಸ್ತ್ರ, ಅಂದರೆ ಮೋಶೆಯ ಮೂಲಕ ಕೊಟ್ಟ ನಿಯಮಗಳು, ಬಂದದ್ದು 430 ವರ್ಷ ಆದ ಮೇಲೆ, ಹಿಂದೆ ಬಂದದ್ದು ಮುಂಚಿನದನ್ನು ಅಳಿಸಲಾರದು ಅಂತ ಗಲಾತ್ಯ ಸೀಮೆಯ ಕ್ರೈಸ್ತರಿಗೆ ಬರೆಯುತ್ತಾನೆ. ವಾಟ್ಸಾಪ್ ಪೋಸ್ಟಿನ ಎಡಗಡೆ–ಬಲಗಡೆಯ ಗೆರೆ ಇಷ್ಟು ಸರಳವಾಗಿಲ್ಲ ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ಬೀಗತನದ ಹಾಗೆ

ಕರಾರು ಒಂದು ಕೆಲಸಕ್ಕೆ ಮಾಡಿಕೊಳ್ಳುವುದು. ಕೆಲಸ ಮುಗಿದರೆ ಅದೂ ಮುಗಿಯಿತು. ಒಡಂಬಡಿಕೆ ನಮ್ಮ ಕಡೆಯ ಬೀಗತನಕ್ಕೆ ಹತ್ತಿರ. ಎರಡು ಮನೆ ಒಂದಕ್ಕೊಂದು ಮಾತು ಕೊಟ್ಟುಕೊಳ್ಳುತ್ತವೆ. ನಿಶ್ಚಯ ಆದ ಮೇಲೆ ಮದುವೆ ಆಗುವ ತನಕ ಹುಡುಗ–ಹುಡುಗಿಗೆ ಒಂದಿಷ್ಟು ಕಟ್ಟು ಇರುತ್ತದೆ. ಒಬ್ಬರೇ ಭೇಟಿ ಆಗಬಾರದು, ಇಂಥ ಹೊತ್ತಿಗೆ ಮನೆಗೆ ಬರಬಾರದು. ಮದುವೆ ಆದ ಮರುದಿನ ಆ ನಿಯಮಗಳು ಇರುವುದಿಲ್ಲ. ಈ ಎರಡನ್ನೂ ಅಕ್ಕಪಕ್ಕ ಬರೆದಿಟ್ಟು ‘ಈ ಮನೆಯವರ ಮಾತಿಗೆ ನೆಲೆ ಇಲ್ಲ’ ಅಂದರೆ ಬೀಗರು ಒಪ್ಪುತ್ತಾರಾ? ಸಂಬಂಧ ಅದೇ, ಹಂತ ಬೇರೆ.

ಕ್ರೈಸ್ತರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಯೇಸು ಬಂದಾಗ ಹಂತ ಬದಲಾಯಿತು, ಹಾಗಾಗಿ ನಡೆಯೂ ಬದಲಾಯಿತು ಅಂತ. ಯೆಹೂದಿಗಳು ಇದನ್ನು ಒಪ್ಪುವುದಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

‘ಹೊಸದು’ ಅನ್ನುವ ಮಾತು ಹುಟ್ಟಿದ್ದೇ ಹಳೆಯದರಲ್ಲಿ

ಹೊಸ ಒಡಂಬಡಿಕೆ ಅನ್ನುವುದು ಕ್ರೈಸ್ತರು ಹುಟ್ಟಿಸಿದ ಮಾತು ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದನ್ನು ಮೊದಲು ಹೇಳಿದವನು ಪ್ರವಾದಿ ಯೆರೆಮೀಯ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಸುಟ್ಟರು. ದೇವಾಲಯ ಹೋಯಿತು, ರಾಜ ಸೆರೆಯಾದ. ಆ ಕಾಲದ ಯೆರೆಮೀಯನ ಪುಸ್ತಕದ 31ನೇ ಅಧ್ಯಾಯದಲ್ಲಿ ದೇವರ ಮಾತು ಬರುತ್ತದೆ: ಇಸ್ರಾಯೇಲ್ ಮತ್ತು ಯೆಹೂದ ವಂಶದವರ ಜೊತೆ ಹೊಸದೊಂದು ಒಡಂಬಡಿಕೆ ಮಾಡುತ್ತೇನೆ, ಧರ್ಮಶಾಸ್ತ್ರವನ್ನು ಅವರ ಹೃದಯದಲ್ಲೇ ಬರೆಯುತ್ತೇನೆ, ಅವರ ಪಾಪವನ್ನು ಇನ್ನು ನೆನಪಿಗೆ ತಂದುಕೊಳ್ಳುವುದಿಲ್ಲ.

ಇಲ್ಲೊಂದು ಗಮನಿಸಬೇಕಾದ ಸಂಗತಿ. ಬದಲಾಗುವುದು ಧರ್ಮಶಾಸ್ತ್ರ ಇರುವ ಜಾಗ. ಕಲ್ಲಿನ ಹಲಗೆಯಿಂದ ಹೃದಯಕ್ಕೆ. ಶಾಸ್ತ್ರವನ್ನು ಹರಿದು ಬಿಸಾಕುತ್ತೇನೆ ಅಂತ ಯೆರೆಮೀಯ ಹೇಳಿಲ್ಲ.

ಯೇಸು ಹುಟ್ಟುವ ಮೊದಲೇ ಮೃತ ಸಮುದ್ರದ ದಂಡೆಯಲ್ಲಿದ್ದ ಯೆಹೂದಿ ಪಂಗಡದವರ ಬರಹಗಳಲ್ಲಿ, 1947ರಿಂದ ಗುಹೆಗಳಲ್ಲಿ ಸಿಕ್ಕ ಆ ಸುರುಳಿಗಳಲ್ಲಿ, ‘ಹೊಸ ಒಡಂಬಡಿಕೆ’ಗೆ ಸೇರಿದವರು ಅನ್ನುವ ಮಾತಿದೆ. ಅಂದರೆ ಆ ಕಾಲದ ಯೆಹೂದಿಗಳಲ್ಲಿ ಇದರ ಬಗ್ಗೆ ಆಗಲೇ ಕಾತರ ಇತ್ತು. ಕಡೆಯ ಊಟದಲ್ಲಿ ಯೇಸು ಬಟ್ಟಲು ಎತ್ತಿ, ಇದು ನನ್ನ ರಕ್ತದಲ್ಲಿ ಆಗುವ ಹೊಸ ಒಡಂಬಡಿಕೆ ಅಂದಾಗ, ಕೂತಿದ್ದ ಶಿಷ್ಯರಿಗೆ ಯೆರೆಮೀಯನೂ ಸೀನಾಯಿಯ ರಕ್ತವೂ ಒಟ್ಟಿಗೆ ನೆನಪಾಗಿರಬೇಕು.

ಕಣ್ಣಿಗೆ ಕಣ್ಣು ಅಂದರೆ ಏನು

ಪೂರ್ತಿ ಓದಿದರೆ ಸಾಕು ಅಂತ ಹೇಳಿದೆನಲ್ಲ, ಅದಕ್ಕೆ ಇದೇ ಉದಾಹರಣೆ. ‘ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು’ ವಿಮೋಚನಕಾಂಡ 21ರಲ್ಲಿ ಬರುತ್ತದೆ. ಕೇಳಿದ ಕೂಡಲೇ ಸೇಡಿನ ಮಾತು ಅನ್ನಿಸುತ್ತದೆ. ಆದರೆ ಅದು ಸೇಡಿಗೆ ಹಾಕಿದ ಬೇಲಿ. ಆದಿಕಾಂಡದಲ್ಲಿ ಲೆಮೆಕ ಅನ್ನುವವನು ತನಗಾದ ಒಂದು ಗಾಯಕ್ಕೆ ಒಂದು ಜೀವ ತೆಗೆದು, ನನಗೆ ಎಪ್ಪತ್ತೇಳರಷ್ಟು ಸೇಡು ಅಂತ ಮೆರೆಯುತ್ತಾನೆ. ಕಣ್ಣು ಹೋದರೆ ಕಣ್ಣಿನ ಬೆಲೆಯಷ್ಟೇ, ಅದಕ್ಕಿಂತ ಜಾಸ್ತಿ ಇಲ್ಲ ಅನ್ನುವುದು ಅಂಥವನಿಗೆ ಕೊಟ್ಟ ಉತ್ತರ. ಇದು ನ್ಯಾಯಾಧಿಪತಿಗೆ ಕೊಟ್ಟ ಅಳತೆ. ಮನೆ ಮನೆಯವರು ತೀರಿಸಿಕೊಳ್ಳಲು ಕೊಟ್ಟ ಪರವಾನಗಿ ಅಲ್ಲ.

ಬಾಬೆಲಿನ ಹಮ್ಮುರಾಬಿಯ ಕಾನೂನಿನಲ್ಲೂ ಕಣ್ಣಿಗೆ ಕಣ್ಣು ಇದೆ. ಆದರೆ ಅಲ್ಲಿ ಕಣ್ಣು ಕಳೆದುಕೊಂಡವನು ದೊಡ್ಡ ಮನುಷ್ಯನಾಗಿದ್ದರೆ ಮಾತ್ರ. ಸಾಮಾನ್ಯನ ಕಣ್ಣಾದರೆ ಬೆಳ್ಳಿ ಕೊಟ್ಟರೆ ಮುಗಿಯಿತು. ಬಲಿ, ಶುದ್ಧಿಯ ನಿಯಮಗಳಿರುವ ಯಾಜಕಕಾಂಡದ 24ನೇ ಅಧ್ಯಾಯ ಇದೇ ನಿಯಮ ಹೇಳಿ, ಪರದೇಶಿಗೂ ಸ್ವದೇಶಿಗೂ ಒಂದೇ ಕಾನೂನು ಅನ್ನುತ್ತದೆ. ವಿಮೋಚನಕಾಂಡ 21ರಲ್ಲಿ ಆ ವಾಕ್ಯದ ಬೆನ್ನಿಗೇ ಇನ್ನೊಂದಿದೆ. ಯಜಮಾನ ತನ್ನ ಆಳಿನ ಕಣ್ಣು ಹಾಳು ಮಾಡಿದರೆ ಆ ಕಣ್ಣಿನ ಸಲುವಾಗಿ ಆಳನ್ನು ಬಿಡುಗಡೆ ಮಾಡಬೇಕು. ಅಲ್ಲಿ ಯಜಮಾನನ ಕಣ್ಣನ್ನು ಯಾರೂ ಕೀಳುತ್ತಿಲ್ಲ! ಮುಂದೆ ಯೆಹೂದಿ ಗುರುಗಳು ಈ ನಿಯಮವನ್ನು ದುಡ್ಡಿನ ಪರಿಹಾರ ಅಂತಲೇ ತಿಳಿಸಿದರು.

ಯೇಸು ಹೊಸ ಒಡಂಬಡಿಕೆಯ ಮತ್ತಾಯ 5ರಲ್ಲಿ ಮಾತಾಡುವುದು ನ್ಯಾಯಾಲಯದ ಅಳತೆಯ ಬಗ್ಗೆ ಅಲ್ಲ. ಪೆಟ್ಟು ತಿಂದ ಮನುಷ್ಯ ತನ್ನ ಹಕ್ಕಿನ ಸೇಡನ್ನು ಏನು ಮಾಡಬೇಕು ಅನ್ನುವುದರ ಬಗ್ಗೆ. ಲೆಮೆಕನ ಎಪ್ಪತ್ತೇಳು ಸೇಡಿಗೆ ಮೋಶೆ ಒಂದೇ ಅಂದ. ಯೇಸು ಅದನ್ನೂ ಬಿಟ್ಟುಬಿಡು ಅಂದ. ದಾರಿ ಒಂದೇ, ನಡೆದ ದೂರ ಜಾಸ್ತಿ.

ಅದೇ ಅಧ್ಯಾಯದಲ್ಲಿ ‘ನೆರೆಯವನನ್ನು ಪ್ರೀತಿಸಿ ವೈರಿಯನ್ನು ಹಗೆ ಮಾಡು ಅಂತ ಕೇಳಿದ್ದೀರಿ’ ಅಂತಲೂ ಯೇಸು ಹೇಳುತ್ತಾನೆ. ಹಳೆ ಒಡಂಬಡಿಕೆ ಪೂರ್ತಿ ಹುಡುಕಿದರೂ ವೈರಿಯನ್ನು ಹಗೆ ಮಾಡು ಅನ್ನುವ ಆಜ್ಞೆ ಸಿಗುವುದಿಲ್ಲ. ವೈರಿಯ ಎತ್ತು ತಪ್ಪಿಸಿಕೊಂಡಿದ್ದರೆ ಹೊಡೆದುಕೊಂಡು ಬಂದು ಒಪ್ಪಿಸು ಅಂತಿದೆ, ವೈರಿ ಹಸಿದಿದ್ದರೆ ಊಟ ಕೊಡು ಅಂತಿದೆ. ಜನ ಆಡಿಕೊಳ್ಳುತ್ತಿದ್ದ ಮಾತನ್ನು ಯೇಸು ತಿದ್ದಿದ.

ಹಂದಿ ಮಾಂಸದ ಪ್ರಶ್ನೆ

ವಿಜಯಪುರದಲ್ಲಿ ಮುಸ್ಲಿಂ ಗೆಳೆಯರಿರುವ ಯಾವ ಕ್ರೈಸ್ತನಿಗೂ ಇದು ಹೊಸ ಪ್ರಶ್ನೆ ಅಲ್ಲ. ‘ನಿಮ್ಮ ಗ್ರಂಥದಲ್ಲೂ ಹಂದಿ ಬೇಡ ಅಂತಿದೆಯಲ್ಲ, ಮತ್ತೆ ನಿಮ್ಮವರು ಯಾಕೆ ತಿನ್ನುತ್ತಾರೆ?’ ಪ್ರಶ್ನೆ ಸರಿಯಾಗೇ ಇದೆ. ಯಾಜಕಕಾಂಡ 11ರಲ್ಲಿ ಹಾಗೆಯೇ ಇದೆ. ಇಲ್ಲಿ ನಿಜವಾದ ಬದಲಾವಣೆ ಆಗಿದೆ. ಅದನ್ನು ಮುಚ್ಚಿಟ್ಟು ಉತ್ತರ ಕೊಡಬಾರದು.

ಆ ನಿಯಮ ಯಾಕಿತ್ತು? ಯಾಜಕಕಾಂಡ 20 ಕಾರಣ ಕೊಡುತ್ತದೆ. ನಿಮ್ಮನ್ನು ಬೇರೆ ಜನಾಂಗಗಳಿಂದ ವಿಂಗಡಿಸಿದ್ದೇನೆ, ಹಾಗೆಯೇ ನೀವು ಶುದ್ಧ–ಅಶುದ್ಧ ಪ್ರಾಣಿಗಳನ್ನು ವಿಂಗಡಿಸಿ. ಊಟದ ತಟ್ಟೆಯಲ್ಲಿ ಕಾಣುವ ಬೇರ್ಪಡೆ ಜನಾಂಗದ ಬೇರ್ಪಡೆಯ ಗುರುತು.

ಈಗ ಯೇಸುವಿನ ಶಿಷ್ಯರ ಕಥೆ ಹೇಳುವ ಅಪೊಸ್ತಲರ ಕೃತ್ಯಗಳು 10ಕ್ಕೆ ಬನ್ನಿ. ಯೊಪ್ಪ ಊರಿನ ಮಾಳಿಗೆಯ ಮೇಲೆ ಯೇಸುವಿನ ಶಿಷ್ಯ ಪೇತ್ರ ಪ್ರಾರ್ಥನೆ ಮಾಡುತ್ತಿದ್ದಾನೆ, ಹಸಿವಾಗಿದೆ. ದರ್ಶನದಲ್ಲಿ ಆಕಾಶದಿಂದ ಜೋಳಿಗೆಯಂಥ ಬಟ್ಟೆ ಇಳಿಯುತ್ತದೆ, ತುಂಬ ನಿಷಿದ್ಧ ಪ್ರಾಣಿಗಳು. ಕೊಯ್ದು ತಿನ್ನು ಅನ್ನುವ ಧ್ವನಿ. ಪೇತ್ರ ಒಲ್ಲೆ ಅನ್ನುತ್ತಾನೆ. ಅಷ್ಟರಲ್ಲಿ ರೋಮಿನ ಸೇನಾಧಿಕಾರಿ ಕೊರ್ನೇಲ್ಯನ ಆಳುಗಳು ಬಾಗಿಲಿಗೆ ಬರುತ್ತಾರೆ. ಕೊರ್ನೇಲ್ಯನ ಮನೆಗೆ ಹೋದ ಪೇತ್ರ ದರ್ಶನದ ಅರ್ಥವನ್ನು ತಾನೇ ಹೇಳುತ್ತಾನೆ: ಯಾವ ಮನುಷ್ಯನನ್ನೂ ಅಶುದ್ಧ ಅನ್ನಬಾರದು ಅಂತ ದೇವರು ನನಗೆ ತೋರಿಸಿದ. ಜನಾಂಗಗಳ ನಡುವಿನ ಬೇರ್ಪಡೆ ಮುಗಿದ ಮೇಲೆ ಅದರ ಗುರುತಿಗೂ ಕೆಲಸ ಉಳಿಯಲಿಲ್ಲ. ಕ್ರೈಸ್ತರು ಆಹಾರದ ನಿಯಮ ಬಿಟ್ಟದ್ದಕ್ಕೆ ಮೂಲ ಕಾರಣ ಇದು. ನಾಲಿಗೆಯ ಚಪಲ ಕಾರಣ ಅಲ್ಲ. ಅಶುದ್ಧ ಅಂತ ಯಾರನ್ನೋ ಹೊರಗೆ ನಿಲ್ಲಿಸಿ ಗೊತ್ತಿರುವ ನಮ್ಮ ನಾಡಿನಲ್ಲಿ ಈ ಅಧ್ಯಾಯವನ್ನು ಇನ್ನೂ ಜಾಸ್ತಿ ಓದಬೇಕಿತ್ತು ಅಂತ ನನಗೆ ಅನಿಸುತ್ತದೆ.

ಅಷ್ಟಕ್ಕೇ ಎಲ್ಲ ಸುಸೂತ್ರ ಆಗಲಿಲ್ಲ. ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನಲ್ಲಿ ಕ್ರೈಸ್ತ ಮುಖಂಡರ ಸಭೆ ಸೇರಿತು. ಯೆಹೂದಿಗಳಲ್ಲದ ಹೊಸಬರು ಸುನ್ನತಿ ಮಾಡಿಸಿಕೊಳ್ಳಬೇಕೇ, ಮೋಶೆಯ ನಿಯಮ ಪಾಲಿಸಬೇಕೇ? ಬೇಡ ಅಂತ ತೀರ್ಮಾನ ಆಯಿತು. ಆದರೆ ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಜಾರತ್ವ ಈ ನಾಲ್ಕನ್ನು ಬಿಡಿ ಅಂದರು. ಯೆಹೂದಿಗಳೂ ಹೊಸಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕಿತ್ತಲ್ಲ.

ಇದು ಹಳೆ ಕಥೆ ಅನ್ನುವಂತಿಲ್ಲ. ಸವದತ್ತಿ ಯಲ್ಲಮ್ಮನ ಜಾತ್ರೆ ಮುಗಿಸಿ ಬಂದ ಪಕ್ಕದ ಮನೆಯವರು ಪ್ರೀತಿಯಿಂದ ಪ್ರಸಾದ ಕೊಟ್ಟರೆ ತಗೋಬೇಕಾ ಬೇಡವಾ? ನಮ್ಮ ಭಾಗದ ಸಭೆಗಳಲ್ಲಿ (ಚರ್ಚುಗಳಲ್ಲಿ) ಇದಕ್ಕೆ ಇವತ್ತಿಗೂ ಒಂದೇ ಉತ್ತರ ಇಲ್ಲ. ಕೊರಿಂಥದವರಿಗೆ ಪೌಲ ಬರೆದದ್ದರಲ್ಲೂ ಎರಡು ಎಳೆ ಇದೆ. ಸಂತೆಯಲ್ಲಿ ಮಾರುವುದನ್ನು ವಿಚಾರಿಸದೆ ತಿನ್ನಿ ಅನ್ನುತ್ತಾನೆ. ಇದು ಅರ್ಪಿಸಿದ್ದು ಅಂತ ಯಾರಾದರೂ ಹೇಳಿದರೆ ಅವರ ಮನಸ್ಸಾಕ್ಷಿಯ ಸಲುವಾಗಿ ಬಿಡಿ ಅಂತಲೂ ಅನ್ನುತ್ತಾನೆ.

ಬಲಿ ಎಲ್ಲಿ ಹೋಯಿತು

ಬಸವಣ್ಣನವರು ಹುಟ್ಟಿದ ಬಾಗೇವಾಡಿ, ಐಕ್ಯರಾದ ಕೂಡಲಸಂಗಮ ಎರಡೂ ಇರುವ ಸೀಮೆ ಇದು. ಇಲ್ಲಿ ಬೆಳೆದವರಿಗೆ ಯಾಜಕಕಾಂಡದ ರಕ್ತ ಕಸಿವಿಸಿ ತರುತ್ತದೆ. ದೇವರಿಗೆ ಕುರಿಯ ರಕ್ತ ಯಾಕೆ ಬೇಕಿತ್ತು, ಆಮೇಲೆ ಯಾಕೆ ಬೇಡವಾಯಿತು?

ಈ ಕಸಿವಿಸಿ ಹಳೆ ಒಡಂಬಡಿಕೆಯ ಒಳಗೇ ಇದೆ. ನನಗೆ ಬೇಕಾದದ್ದು ಕರುಣೆ, ಯಜ್ಞ ಅಲ್ಲ ಅನ್ನುತ್ತದೆ ಹೋಶೇಯನ ಪುಸ್ತಕ. ಸಾವಿರ ಟಗರು ಕೊಟ್ಟರೆ ದೇವರು ಮೆಚ್ಚುತ್ತಾನಾ ಅಂತ ಕೇಳುವ ಮೀಕ, ನ್ಯಾಯ ನಡೆಸು, ಕರುಣೆಯನ್ನು ಪ್ರೀತಿಸು, ದೇವರ ಮುಂದೆ ನಮ್ರನಾಗಿ ನಡೆ ಅನ್ನುತ್ತಾನೆ. 51ನೇ ಕೀರ್ತನೆ ಮುರಿದ ಮನಸ್ಸೇ ಯಜ್ಞ ಅನ್ನುತ್ತದೆ. ಯೇಸು ಹೋಶೇಯನ ಮಾತನ್ನು ಮತ್ತಾಯನ ಸುವಾರ್ತೆಯಲ್ಲಿ ಎರಡು ಸಲ ಎತ್ತುತ್ತಾನೆ.

ಇಬ್ರಿಯರಿಗೆ ಬರೆದ ಪತ್ರದ ವಾದ ಹೀಗಿದೆ. ಪ್ರತಿ ವರ್ಷ ಅದೇ ಬಲಿಯನ್ನು ಮತ್ತೆ ಕೊಡಬೇಕಾಗಿ ಬಂತು ಅಂದರೆ, ಆ ಬಲಿಯಿಂದ ಕೆಲಸ ಪೂರ್ತಿ ಆಗಿರಲಿಲ್ಲ. ಕ್ರಿಸ್ತ ತನ್ನನ್ನು ಒಂದೇ ಸಲ ಕೊಟ್ಟ, ಅಲ್ಲಿಗೆ ಮುಗಿಯಿತು. ಯೆರೆಮೀಯ 31ರ ಹೊಸ ಒಡಂಬಡಿಕೆಯ ಭಾಗವನ್ನು ಈ ಪತ್ರ ಉದ್ದಕ್ಕೆ ಎತ್ತಿ ಬರೆಯುತ್ತದೆ.

ಇನ್ನೊಂದು ಕಡೆ, ಕ್ರಿ.ಶ. 70ರಲ್ಲಿ ರೋಮಿನವರು ದೇವಾಲಯ ಕೆಡವಿದರು. ಬಲಿ ಕೊಡಬೇಕಾದ ಜಾಗ ಅದೊಂದೇ. ಹಾಗಾಗಿ ಯೆಹೂದಿಗಳಲ್ಲೂ ಬಲಿ ನಿಂತಿತು. ಅವರು ಪ್ರಾರ್ಥನೆ, ಶಾಸ್ತ್ರದ ಓದು, ದಾನಧರ್ಮದ ಕಡೆ ತಿರುಗಿದರು. ಒಂದೇ ಪ್ರಶ್ನೆಗೆ ಎರಡು ಸಮುದಾಯ ಎರಡು ಉತ್ತರ ಕಂಡುಕೊಂಡವು.

ಹಾಗಾದರೆ ಧರ್ಮಶಾಸ್ತ್ರ ಉಳಿಯಿತಾ, ಹೋಯಿತಾ?

ಇದು ಎಲ್ಲಕ್ಕಿಂತ ಗಟ್ಟಿ ಗಂಟು. ನಾನು ಧರ್ಮಶಾಸ್ತ್ರವನ್ನು ತೆಗೆದುಹಾಕಲು ಬಂದಿಲ್ಲ, ನೆರವೇರಿಸಲು ಬಂದೆ ಅನ್ನುತ್ತಾನೆ ಯೇಸು. ಕ್ರಿಸ್ತನಲ್ಲಿ ಧರ್ಮಶಾಸ್ತ್ರ ಕೊನೆ ಮುಟ್ಟಿತು ಅನ್ನುತ್ತಾನೆ ಪೌಲ. ಕೊನೆ ಮುಟ್ಟುವುದು ಅಂದರೆ ಗುರಿ ತಲುಪುವುದೋ, ನಿಂತುಹೋಗುವುದೋ ಅನ್ನುವುದರ ಮೇಲೆ ಸಭೆಗಳು ಬೇರೆ ಬೇರೆ ದಾರಿ ಹಿಡಿದಿವೆ.

ಭಾನುವಾರದ ಪ್ರಸಂಗಗಳಲ್ಲಿ ನಾವು ಜಾಸ್ತಿ ಕೇಳುವುದು 13ನೇ ಶತಮಾನದ ಕ್ಯಾಥೋಲಿಕ್ ಪಂಡಿತ ಥಾಮಸ್ ಅಕ್ವಿನಾಸ್ ವಿವರಿಸಿದ ವಿಂಗಡಣೆ. ನೀತಿಯ ನಿಯಮ, ಪೂಜೆಯ ನಿಯಮ, ರಾಜ್ಯದ ನಿಯಮ. ಕೊಲ್ಲಬೇಡ, ಕದಿಯಬೇಡ ಅನ್ನುವ ನೀತಿಯ ನಿಯಮಗಳು ಉಳಿದವು. ಇನ್ನೆರಡು ಬಗೆ ಮುಗಿದವು. ಅರ್ಥ ಮಾಡಿಕೊಳ್ಳಲು ಇದು ಸುಲಭ. ಆದರೆ ಗ್ರಂಥ ತಾನೇ ಹೀಗೆ ಗೆರೆ ಎಳೆದಿಲ್ಲ. ಯಾಜಕಕಾಂಡ 19ರಲ್ಲಿ ನಿನ್ನಂತೆಯೇ ನೆರೆಯವನನ್ನು ಪ್ರೀತಿಸು ಅನ್ನುವ ವಾಕ್ಯದ ಮುಂದಿನ ವಾಕ್ಯವೇ ಎರಡು ಬಗೆಯ ನೂಲಿನ ಬಟ್ಟೆ ತೊಡಬೇಡ ಅನ್ನುತ್ತದೆ. ಗುಳೇದಗುಡ್ಡದ ಖಣ ರೇಷ್ಮೆ–ಹತ್ತಿ ಸೇರಿಸಿ ನೇಯುವ ಬಟ್ಟೆ. ಅಲ್ಲಿನ ಕ್ರೈಸ್ತರು ಮೊದಲನೆಯದನ್ನು ಪಾಲಿಸಿ ಎರಡನೆಯದನ್ನು ಬಿಟ್ಟದ್ದು ಯಾವ ಲೆಕ್ಕದಲ್ಲಿ ಅಂತ ಯಾರಾದರೂ ಕೇಳಿದರೆ ಉತ್ತರಕ್ಕೆ ಒಂದು ಕ್ರಮ ಬೇಕೇ ಬೇಕು. ಧರ್ಮೋಪದೇಶಕಾಂಡ 22 ಆ ನೂಲುಗಳನ್ನು ಉಣ್ಣೆ ಮತ್ತು ನಾರು ಅಂತ ಬಿಡಿಸಿ ಹೇಳುತ್ತದೆ. ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

ನನಗೆ ಜಾಸ್ತಿ ಹಿಡಿಸುವುದು ಯೇಸು ಸ್ವತಃ ಓದಿದ ರೀತಿ. ಹೆಂಡತಿಗೆ ವಿಚ್ಛೇದನದ ಪತ್ರ ಬರೆದುಕೊಡಲು ಮೋಶೆ ಅಪ್ಪಣೆ ಕೊಟ್ಟಿದ್ದಾನಲ್ಲ ಅಂತ ಫರಿಸಾಯರು ಅನ್ನುವ ಯೆಹೂದಿ ಪಂಗಡದವರು ಕೇಳುತ್ತಾರೆ. ನಿಮ್ಮ ಮನಸ್ಸು ಕಲ್ಲಾಗಿದ್ದಕ್ಕೆ ಮೋಶೆ ಹಾಗೆ ಬರೆದ, ಮೊದಲು ಹಾಗಿರಲಿಲ್ಲ ಅಂತ ಹೇಳಿ ಯೇಸು ಆದಿಕಾಂಡಕ್ಕೆ ಹೋಗುತ್ತಾನೆ. ಧರ್ಮೋಪದೇಶಕಾಂಡವೂ ಶಾಸ್ತ್ರ, ಆದಿಕಾಂಡವೂ ಶಾಸ್ತ್ರ. ಜನರ ದೌರ್ಬಲ್ಯಕ್ಕೆ ಇಳಿದು ಕೊಟ್ಟ ಅಪ್ಪಣೆ ಯಾವುದು, ದೇವರ ಮೂಲ ಬಯಕೆ ಯಾವುದು ಅಂತ ಅವನು ಬೇರೆ ಮಾಡಿ ತೋರಿಸಿದ.

ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹತ್ತು ಆಜ್ಞೆಗಳಲ್ಲಿ ಹೇಳಿದ ಆ ದಿನ ಶನಿವಾರ. ಯೇಸು ಸಾವಿನಿಂದ ಎದ್ದು ಬಂದ ವಾರದ ಮೊದಲ ದಿನ, ಭಾನುವಾರ, ಸೇರುವ ರೂಢಿ ಶಿಷ್ಯರ ಕಾಲದಲ್ಲೇ ಕಾಣುತ್ತದೆ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ 321ರಲ್ಲಿ ಭಾನುವಾರವನ್ನು ರಜೆ ಮಾಡಿದ. ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಗಡದ ಕ್ರೈಸ್ತರು ಇವತ್ತಿಗೂ ಶನಿವಾರವನ್ನೇ ಆಚರಿಸುತ್ತಾರೆ.

ಗೆರೆಯ ಎರಡೂ ಕಡೆ ಚರ್ಚೆ ಇದೆ

ವಿರೋಧ ಅನ್ನುವುದು ಹಳೆ–ಹೊಸ ನಡುವೆ ಮಾತ್ರ ಇಲ್ಲ. ತಂದೆಗಳ ಪಾಪವನ್ನು ಮೂರು ನಾಲ್ಕು ತಲೆಮಾರಿನವರೆಗೆ ವಿಚಾರಿಸುತ್ತೇನೆ ಅನ್ನುತ್ತದೆ ಹತ್ತು ಆಜ್ಞೆಗಳ ಭಾಗ. ತಂದೆಯ ಪಾಪದ ಫಲವನ್ನು ಮಗ ಹೊರುವುದಿಲ್ಲ ಅನ್ನುತ್ತದೆ ಯೆಹೆಜ್ಕೇಲ 18. ಎರಡೂ ಹಳೆ ಒಡಂಬಡಿಕೆಯೇ. ತಂದೆ ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತವು ಅನ್ನುವ ಗಾದೆಯನ್ನು ಇನ್ನು ಆಡಬೇಡಿ ಅಂತ ಯೆಹೆಜ್ಕೇಲ ಹೇಳುತ್ತಾನೆ. ಯೆರೆಮೀಯನೂ ಅದೇ ಗಾದೆ ಹಿಡಿದು ಮಾತಾಡುತ್ತಾನೆ, ಅದೂ ಹೊಸ ಒಡಂಬಡಿಕೆಯ ಮಾತಿಗೆ ಸ್ವಲ್ಪವೇ ಮೊದಲು, ಅದೇ 31ನೇ ಅಧ್ಯಾಯದಲ್ಲಿ.

ಹೊಸದರೊಳಗೂ ಇದೆ. ಮನುಷ್ಯ ನೀತಿವಂತ ಅನಿಸಿಕೊಳ್ಳುವುದು ನಂಬಿಕೆಯಿಂದ ಅನ್ನುತ್ತಾನೆ ಪೌಲ. ನಂಬಿಕೆ ಮಾತ್ರದಿಂದ ಅಲ್ಲ, ಕ್ರಿಯೆಯಿಂದ ಅನ್ನುತ್ತಾನೆ ಇನ್ನೊಂದು ಪತ್ರದ ಯಾಕೋಬ. ಇಬ್ಬರೂ ಎತ್ತಿಕೊಳ್ಳುವುದು ಅಬ್ರಹಾಮನನ್ನೇ, ಆದಿಕಾಂಡ 15ರ ಅದೇ ವಾಕ್ಯವನ್ನೇ. ಪೌಲನ ಎದುರಿಗಿದ್ದವರು ಸುನ್ನತಿಯಂಥ ಆಚಾರ ಇಲ್ಲದಿದ್ದರೆ ರಕ್ಷಣೆ ಇಲ್ಲ ಅನ್ನುವವರು. ಯಾಕೋಬನ ಎದುರಿಗಿದ್ದವರು, ಹಸಿದು ಬಂದವನಿಗೆ ಊಟ ಕೊಡದೆ ‘ಸಮಾಧಾನದಿಂದ ಹೋಗು’ ಅಂತ ಕಳಿಸುವವರು. ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ 1522ರಲ್ಲಿ ಯಾಕೋಬನ ಪತ್ರವನ್ನು ಹುಲ್ಲಿನ ಪತ್ರ, ಅಂದರೆ ತೂಕವಿಲ್ಲದ್ದು, ಅಂದುಬಿಟ್ಟ. ಈ ವಿಷಯದಲ್ಲಿ ಕ್ಯಾಥೋಲಿಕರೂ ಲೂಥರನ್ನರೂ ಒಟ್ಟಿಗೆ ಒಂದು ಹೇಳಿಕೆಗೆ ಸಹಿ ಹಾಕಿದ್ದು 1999ರಲ್ಲಿ. 2006ರಲ್ಲಿ ಮೆಥೊಡಿಸ್ಟರೂ ಸೇರಿದರು. ಬೆಳಗಾವಿಯಲ್ಲಿ ಕ್ಯಾಥೋಲಿಕರೂ ಮೆಥೊಡಿಸ್ಟರೂ ಇದ್ದಾರೆ. ಈ ಸುದ್ದಿ ಇಲ್ಲಿನ ಚರ್ಚಿನ ಬೆಂಚುಗಳವರೆಗೆ ಇಳಿದು ಬಂದದ್ದು ಕಡಿಮೆ.

ಬಗೆಹರಿಯದೆ ಉಳಿದವು

ಹಳೆಯದರ ದೇವರು ಸಿಟ್ಟಿನವನು, ಹೊಸದರ ದೇವರು ಪ್ರೀತಿಯವನು ಅನ್ನುವ ಮಾತು ತುಂಬ ಹಳೆಯದು. ಮಾರ್ಸಿಯನ್ ಅನ್ನುವವನು ಇಬ್ಬರು ಬೇರೆ ಬೇರೆ ದೇವರು ಅಂತಲೇ ಕಲಿಸಿದ. ಸುಮಾರು 144ರಲ್ಲಿ ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ಕನಿಕರ, ದಯೆ, ದೀರ್ಘಶಾಂತಿ ಉಳ್ಳವನು ಅನ್ನುವ ವರ್ಣನೆ ವಿಮೋಚನಕಾಂಡ 34ರದ್ದು. ನಮ್ಮ ದೇವರು ದಹಿಸುವ ಅಗ್ನಿ ಅನ್ನುವ ಮಾತನ್ನು ಇಬ್ರಿಯರ ಪತ್ರವೂ ಹೇಳುತ್ತದೆ.

ಆದರೂ ಇಸ್ರಾಯೇಲ್ಯರು ಹೋಗಿ ಸೇರಿದ ನಾಡಿನಲ್ಲಿ ಮೊದಲೇ ಇದ್ದ ಕಾನಾನ್ಯರ ಊರುಗಳಲ್ಲಿ ಉಸಿರಾಡುವ ಯಾರನ್ನೂ ಉಳಿಸಬೇಡಿ ಅನ್ನುವ ಧರ್ಮೋಪದೇಶಕಾಂಡ 20ರ ಆಜ್ಞೆಯನ್ನು ಓದಿ ಎದೆ ಭಾರವಾಗದಿದ್ದರೆ ಸರಿಯಾಗಿ ಓದಿಲ್ಲ ಅಂತಲೇ ಅರ್ಥ. ವಿವರಣೆಗಳಿವೆ. ಮೂರನೇ ಶತಮಾನದ ಕ್ರೈಸ್ತ ಪಂಡಿತ ಒರಿಗೆನ್ ಅದನ್ನು ಮನಸ್ಸಿನೊಳಗಿನ ದುಷ್ಟತನದ ಮೇಲಿನ ಯುದ್ಧ ಅಂತ ಓದಿದ. ಹಳೆ ಕಾಲದ ಯುದ್ಧದ ವರದಿಗಳಲ್ಲಿ ಎಲ್ಲರನ್ನೂ ಕೊಂದೆವು ಅನ್ನುವುದು ಒಂದು ಶೈಲಿ ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ಯೆಹೋಶುವ 10ರಲ್ಲಿ ಯಾರೂ ಉಳಿಯಲಿಲ್ಲ ಅಂತಿದ್ದರೂ, ನ್ಯಾಯಸ್ಥಾಪಕರು 1ರಲ್ಲಿ ಕಾನಾನ್ಯರು ಇನ್ನೂ ಅಲ್ಲೇ ವಾಸವಿದ್ದಾರೆ. ಅದು ಆ ಒಂದು ಕಾಲಕ್ಕೆ ಕೊಟ್ಟ ತೀರ್ಪು ಅನ್ನುವವರೂ ಇದ್ದಾರೆ. ಯಾವ ವಿವರಣೆಯೂ ಪೂರ್ತಿ ಸಮಾಧಾನ ಕೊಡುವುದಿಲ್ಲ.

ಇನ್ನೊಂದು, ಯೆಹೂದಿಗಳ ಪ್ರಶ್ನೆ. ನಾವು ಹಳೆ ಒಡಂಬಡಿಕೆ ಅನ್ನುವ ಪುಸ್ತಕಗಳು ಅವರಿಗೆ ಹಳೆಯವಲ್ಲ. 24 ಪುಸ್ತಕಗಳಾಗಿ ಎಣಿಸುವ ತನಖ್ ಅದು, ಪೂರ್ತಿ ಜೀವಂತ. ಯೆರೆಮೀಯ ಹೇಳಿದ್ದು ಇಸ್ರಾಯೇಲ್ಯರ ಜೊತೆಗಿನ ಅದೇ ಸಂಬಂಧ ಹೊಸದಾಗುವ ಬಗ್ಗೆ ಅಂತ ಅವರು ಓದುತ್ತಾರೆ. ಅವರ ಒಡಂಬಡಿಕೆ ರದ್ದಾಯಿತು ಅಂತ ಶತಮಾನಗಳ ಕಾಲ ಅನೇಕ ಕ್ರೈಸ್ತರು ಕಲಿಸಿದರು. ಯೂರೋಪಿನಲ್ಲಿ ಯೆಹೂದಿಗಳು ಅದರ ಪೆಟ್ಟು ತಿಂದರು. 1965ರಲ್ಲಿ ಕ್ಯಾಥೋಲಿಕ್ ಬಿಷಪ್ಪರ ಎರಡನೇ ವ್ಯಾಟಿಕನ್ ಸಭೆ, ದೇವರು ಕೊಟ್ಟ ವರಗಳನ್ನೂ ಕರೆಯನ್ನೂ ಹಿಂದಕ್ಕೆ ತಗೊಳ್ಳುವುದಿಲ್ಲ ಅನ್ನುವ ಪೌಲನ ಮಾತನ್ನು ಆಧಾರ ಮಾಡಿ ಈ ಕಲಿಕೆಯಿಂದ ದೂರ ಸರಿಯಿತು.

ಓದಬೇಕು ಅನ್ನಿಸಿದರೆ

ಮೊದಲಿನಿಂದ ಕೊನೆಯವರೆಗೆ ಓದಲು ಹೊರಟವರು ಯಾಜಕಕಾಂಡದಲ್ಲಿ ನಿಂತುಬಿಡುತ್ತಾರೆ. ಈ ವಿಷಯಕ್ಕಂತೂ ಯೆರೆಮೀಯ 31ರಿಂದ ಶುರು ಮಾಡುವುದು ಒಳ್ಳೆಯದು. ಆಮೇಲೆ ವಿಮೋಚನಕಾಂಡ 19ರಿಂದ 24, ಮತ್ತಾಯ 5, ಅಪೊಸ್ತಲರ ಕೃತ್ಯಗಳು 10 ಮತ್ತು 15, ಗಲಾತ್ಯ 3. ರೋಮಾಪುರದವರಿಗೆ ಬರೆದ ಪತ್ರದ 9ರಿಂದ 11 ಕಷ್ಟದ ಅಧ್ಯಾಯಗಳು. ಯೆಹೂದಿಗಳ ಪ್ರಶ್ನೆ ಇರುವುದು ಅಲ್ಲೇ. ಅದನ್ನು ಬಿಡಿಬಿಡಿಯಾಗಿ ಓದಬೇಡಿ, ಮೂರನ್ನೂ ಒಂದೇ ಸಲ ಓದಿ. ಇಬ್ರಿಯರಿಗೆ 8ರಿಂದ 10ನ್ನು ಕೊನೆಗೆ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಯಾಜಕಕಾಂಡ 16 ಓದಿರಬೇಕು, ವರ್ಷಕ್ಕೊಮ್ಮೆ ಮಹಾಯಾಜಕ ತೆರೆಯ ಒಳಗೆ ಹೋಗುವ ದೋಷಪರಿಹಾರದ ದಿನದ ವಿವರ ಇರುವುದು ಅಲ್ಲಿ. ಇಬ್ರಿಯರ ಪತ್ರ ಬರೆದವನು ತನ್ನ ಓದುಗರಿಗೆ ಅದೆಲ್ಲ ಗೊತ್ತಿದೆ ಅಂದುಕೊಂಡೇ ಬರೆಯುತ್ತಾನೆ.